ಹಳೆ ಜೂಕಿಯಲ್ಲಿ ದಾರ ಗುಂಜಾಗ್ತಿದೆಯಾ? ಹುಕ್ ಬಿಚ್ಚಲು ಬಿಡುವ ಮುಂಚೆ ಇದನ್ನು ಓದಿ

ಹಳೆ ಜೂಕಿ (ಜಪಾನಿ ಕಂಪನಿಯ ಹೊಲಿಗೆ ಮಷಿನ್) ಇಟ್ಟುಕೊಂಡವರಿಗೆ, ಸೆಕೆಂಡ್ ಹ್ಯಾಂಡ್ ಪವರ್ ಮಷಿನ್ ಕೊಳ್ಳಲು ಹೊರಟವರಿಗೆ ಈ ಬರಹ. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬರುತ್ತಿದೆ. ರಿಪೇರಿಗೆ ಬಂದವನು ಮಷಿನ್ ಮುಖ ನೋಡಿದ ಕೂಡಲೇ "ಶಟಲ್ ಹೋಗಿದೆ, ಬದಲಾಯಿಸಬೇಕು" ಅನ್ನುತ್ತಾನೆ. ಶಟಲ್ ಅಂದರೆ ಹುಕ್, ಸೂಜಿಯ ಕೆಳಗೆ ತಿರುಗುತ್ತಾ ದಾರ ಹಿಡಿಯುವ ಭಾಗ. ಅವನನ್ನು ಅಲ್ಲೇ ನಿಲ್ಲಿಸಿ. ಹಾಗೆ ಹೇಳಿದವನಿಂದಲೇ ನನ್ನ ಮಷಿನ್‌ನ ಜಪಾನಿ ಹುಕ್ ಹೋಯಿತು, ಸೀಸನ್ನಿನ ಅರ್ಧ ಆರ್ಡರ್ ಹೋಯಿತು, ಹೆಡ್ಡು (ಟೇಬಲ್ ಮೇಲೆ ಕೂರುವ ಮಷಿನ್ ಭಾಗ) ಕೂಡ ಗುಜರಿ ರೇಟಿಗೆ ಹೋಗುವುದರಲ್ಲಿತ್ತು. ನಿಜವಾಗಿ ಕೆಟ್ಟಿದ್ದದ್ದು ಹೆಡ್ ಕೂರುವ ಮೂಲೆಗಳ ರಬ್ಬರ್.

ನನ್ನದು ತುಮಕೂರಿನಲ್ಲಿ ಚಿಕ್ಕ ಹೊಲಿಗೆ ಕೆಲಸ. ಶಾಲೆ ಯೂನಿಫಾರ್ಮ್ ಜಾಸ್ತಿ, ಮಧ್ಯೆ ಮಧ್ಯೆ ಬಟ್ಟೆ ಬ್ಯಾಗು. ಮಷಿನ್ ಜೂಕಿ ಡಿಡಿಎಲ್-555. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಬೆಂಗಳೂರಿನ ಫ್ಯಾಕ್ಟರಿಗಳು ದಾರ ತಾನೇ ಕತ್ತರಿಸುವ ಹೊಸ ಮಷಿನ್‌ಗಳಿಗೆ ಹೋದಾಗ ಇಂಥ ಹಳೆ ಹೆಡ್‌ಗಳು ಹೊರಗೆ ಬಂದು ನಮ್ಮಂಥವರ ಕೈಸೇರುತ್ತವೆ. ಎಣ್ಣೆ ಸರಿಯಾಗಿದ್ದರೆ ಬೇಗ ಸಾಯುವ ಮಷಿನ್ ಅಲ್ಲ ಇದು.

ಶುರುವಾದದ್ದು ಮೇ ತಿಂಗಳಲ್ಲಿ. ಶಾಲೆ ತೆರೆಯುವ ಮುಂಚಿನ ಆ ವಾರಗಳು ನಮಗೆ ಹೇಗಿರುತ್ತವೆ ಅಂತ ಈ ಕಸುಬಿನವರಿಗೆ ಗೊತ್ತು. ಮೇಲಿನಿಂದ ನೋಡಿದರೆ ಹೊಲಿಗೆ ಚೆಂದ. ಬಟ್ಟೆ ತಿರುಗಿಸಿದರೆ ಅಡಿಯಲ್ಲಿ ದಾರ ಸಡಿಲವಾಗಿ ಬಿದ್ದಿರುತ್ತಿತ್ತು. ಒಂದು ತುದಿ ಹಿಡಿದು ಎಳೆದರೆ ಇಡೀ ಸಾಲು ಬಿಚ್ಚಿಕೊಂಡು ಬರುತ್ತಿತ್ತು. ತಲೆ ಕೆಡಿಸಿದ್ದು ಏನೆಂದರೆ ಇದು ಯಾವಾಗಲೂ ಆಗುತ್ತಿರಲಿಲ್ಲ. ಒಂದು ಶರ್ಟು ಸರಿ, ಮುಂದಿನದು ಗುಂಜು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಯಾಕಂದ್ರೆ ಮೋಸ ನಡೆಯುವುದೇ ಈ ಜಾಗದಲ್ಲಿ. ಅಡಿಯಲ್ಲಿ ಕುಣಿಕೆ ಕಂಡರೆ ಬಹಳ ಜನ ಅಡಿಯಲ್ಲೇ ತಪ್ಪು ಹುಡುಕುತ್ತಾರೆ. ಬಾಬಿನ್ ಕೇಸ್ (ಕೆಳಗಿನ ದಾರದ ಉಂಡೆ ಕೂರುವ ಡಬ್ಬಿ) ಸ್ಕ್ರೂ ತಿರುಗಿಸುತ್ತಾರೆ. ತಪ್ಪು ಇರುವುದು ಹೆಚ್ಚಾಗಿ ಮೇಲಿನ ದಾರದಲ್ಲಿ. ಪ್ರತಿ ಹೊಲಿಗೆಗೂ ಹುಕ್ ಮೇಲಿನ ದಾರವನ್ನು ಹಿಡಿದು ಬಾಬಿನ್ ಕೇಸ್ ಸುತ್ತ ದಾಟಿಸುತ್ತದೆ. ಹಾಗೆ ಕೆಳಗೆ ಹೋದ ಜಾಸ್ತಿ ದಾರವನ್ನು ಮಷಿನ್ ಮುಂದೆ ಮೇಲೆ ಕೆಳಗೆ ಆಡುವ ಟೇಕಪ್ ಲಿವರ್ ವಾಪಸ್ ಮೇಲಕ್ಕೆ ಎಳೆದುಕೊಳ್ಳಬೇಕು. ಟೆನ್ಷನ್ ಡಿಸ್ಕ್ (ದಾರ ನಡುವೆ ಹಾಯುವ ಪುಟ್ಟ ತಟ್ಟೆಗಳು) ದಾರವನ್ನು ಬಿಗಿಯಾಗಿ ಹಿಡಿದಿದ್ದರೆ ಮಾತ್ರ ಅದು ಸಾಧ್ಯ. ಹಿಡಿಯದಿದ್ದರೆ ಲಿವರ್ ಕೆಳಗಿನದನ್ನು ಬಿಟ್ಟು ರೀಲಿನಿಂದ ಹೊಸ ದಾರ ಎಳೆದುಕೊಳ್ಳುತ್ತದೆ. ಕೆಳಗಿನದು ಕೆಳಗೇ ಉಳಿದು ಗುಂಜಾಗುತ್ತದೆ. ಕುಣಿಕೆ ಬಟ್ಟೆಯ ಮೇಲ್ಭಾಗದಲ್ಲಿ ಕಂಡರೆ ಬಾಬಿನ್ ದಾರ ಸಡಿಲ ಅಥವಾ ಮೇಲಿನದು ಅತಿ ಬಿಗಿ.

ಬಂದ ಮೆಕ್ಯಾನಿಕ್ ಇದ್ಯಾವುದನ್ನೂ ನೋಡಲಿಲ್ಲ. ಬಾಬಿನ್ ಕೇಸ್ ಹೊರಗೆ ತೆಗೆದ, ಹುಕ್ಕಿನ ಮೇಲೆ ಬೆರಳು ಸವರಿದ.

"ಅಕ್ಕಾ, ಶಟಲ್ ಸವೆದುಹೋಗಿದೆ. ಎಷ್ಟು ಟೆನ್ಷನ್ ಕೊಟ್ಟರೂ ನಿಲ್ಲಲ್ಲ."

ಒಂದು ಸಲವೂ ದಾರ ಎಳೆದು ನೋಡಲಿಲ್ಲ. ಹೊಸ ಹುಕ್ ಅವನ ಬ್ಯಾಗಿನಲ್ಲೇ ಇತ್ತು. ಹಾಕಿದ, ಒಂದು ಚಿಂದಿಯ ಮೇಲೆ ಹೊಲಿದು ತೋರಿಸಿದ, ಚೆನ್ನಾಗಿಯೇ ಬಂತು. ದುಡ್ಡು ತೆಗೆದುಕೊಂಡು ಹೋದ. ಸಂಜೆಯೊಳಗೆ ಅದೇ ಗುಂಜು. ಮತ್ತೆ ಕರೆಸಿದಾಗ ಟೆನ್ಷನ್ ಸೆಟ್ ಪೂರ್ತಿ ಬದಲಾಯಿಸಿದ. ಆಮೇಲೆ ನಟ್ಟನ್ನು ಎಷ್ಟು ಬಿಗಿ ಮಾಡಿದ ಅಂದ್ರೆ ಮೇಲಿನ ದಾರ ಪಟಪಟ ಕಡಿಯತೊಡಗಿತು. ದಾರ ಕಡಿಯುತ್ತೆ ಅಂತ ಕರೆದರೆ ದಾರವೇ ಸರಿಯಿಲ್ಲ ಅಂದ. ಅದೇ ರೀಲು ಪಕ್ಕದ ಮಷಿನ್‌ನಲ್ಲಿ ಸಲೀಸಾಗಿ ಓಡುತ್ತಿತ್ತು.

"ನನ್ನ ಹಳೆ ಹುಕ್ ಎಲ್ಲಪ್ಪಾ?" ಅಂತ ಕೇಳಿದೆ.

"ಅದಾ? ಗುಜರಿಗೆ ಹೋಯ್ತು ಅಕ್ಕಾ, ಏನಕ್ಕೂ ಬರ್ತಿರಲಿಲ್ಲ."

ಕೊನೆಯ ಸಲ ಬಂದಾಗ ಅವನ ಧಾಟಿ ಬೇರೆಯೇ ಇತ್ತು. ಹೆಡ್ಡಿನ ಒಳಗೆ ಬುಶ್ (ಶಾಫ್ಟ್ ತಿರುಗುವ ಲೋಹದ ಬಳೆಗಳು) ಎಲ್ಲ ಸವೆದಿದೆ, ಇನ್ನು ಇದರ ಮೇಲೆ ದುಡ್ಡು ಹಾಕೋದು ದಂಡ ಅಂದ. "ಬೇಕಾದ್ರೆ ನಾನೇ ತಗೊಂಡು ಹೋಗ್ತೀನಿ, ಕೆಜಿ ಲೆಕ್ಕದಲ್ಲಿ ಕೊಡಿ" ಅಂತ ಬೇರೆ. ಸವೆದ ಹೆಡ್ ಇವನಿಗೆ ಯಾಕೆ ಬೇಕು ಅನ್ನುವ ಅನುಮಾನ ಬಂದದ್ದೇ ನನ್ನನ್ನು ಉಳಿಸಿತು. ಅವನ ಹೆಸರು ಇಲ್ಲಿ ಹಾಕುವುದಿಲ್ಲ. ಪರಿಚಯದ ಟೈಲರ್‌ಗಳ ಹತ್ತಿರ ಮಾತಾಡಿದರೆ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಮನುಷ್ಯರು, ಕಥೆ ಮಾತ್ರ ಇದೇ.

ಮಷಿನ್ ಸರಿ ಮಾಡಿದವರು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಲೈನ್ ಮೆಕ್ಯಾನಿಕ್ ಆಗಿದ್ದು ಊರಿಗೆ ವಾಪಸಾದ ಒಬ್ಬ ಹಿರಿಯರು. ಬಂದವರು ಟೂಲ್ ಬ್ಯಾಗ್ ತೆರೆಯಲೇ ಇಲ್ಲ. ಸೂಜಿಯಲ್ಲಿ ದಾರ ಪೋಣಿಸಿಕೊಂಡು ಪ್ರೆಷರ್ ಫುಟ್ (ಬಟ್ಟೆ ಅದುಮಿ ಹಿಡಿಯುವ ಪಾದ) ಎತ್ತುವ ನೀ ಲಿಫ್ಟರನ್ನು ಮಂಡಿಯಿಂದ ಒತ್ತಿ ದಾರ ಎಳೆದರು. ಮಂಡಿ ಬಿಟ್ಟು ಮತ್ತೆ ಎಳೆದರು. "ನೀವೇ ನೋಡಮ್ಮ" ಅಂತ ನನ್ನ ಕೈಗೆ ಕೊಟ್ಟರು. ಎರಡೂ ಸಲ ದಾರ ಹೆಚ್ಚುಕಡಿಮೆ ಒಂದೇ ಥರ ಜಾರಿ ಬರುತ್ತಿತ್ತು. ಮಂಡಿ ಒತ್ತಿದಾಗ ದಾರ ಸಡಿಲವಾಗಬೇಕು, ಬಿಟ್ಟಾಗ ಗಟ್ಟಿಯಾಗಬೇಕು. ಬಟ್ಟೆ ಹೊರಗೆ ಎಳೆಯಲು ಸುಲಭವಾಗಲಿ ಅಂತ ಲಿಫ್ಟರ್ ಒತ್ತಿದಾಗ ಒಂದು ಚಿಕ್ಕ ಪಿನ್ ಡಿಸ್ಕ್‌ಗಳನ್ನು ಬಿಡಿಸುತ್ತದೆ. ನನ್ನ ಮಷಿನ್‌ನಲ್ಲಿ ಆ ಡಿಸ್ಕ್‌ಗಳು ಯಾವಾಗಲೂ ಅರ್ಧ ಬಿಟ್ಟುಕೊಂಡೇ ಇದ್ದವು.

ಕಾರಣ ಟೇಬಲ್ ಕೆಳಗಿತ್ತು. ಹೆಡ್ ಕೂರುವ ಮೂಲೆಗಳಲ್ಲಿ ರಬ್ಬರ್ ಇರುತ್ತವಲ್ಲ, ಅವು ಎಣ್ಣೆ ಕುಡಿದು ಕುಡಿದು ಮೆತ್ತಗಾಗಿ ಚಪ್ಪಟೆಯಾಗಿದ್ದವು. ಹೆಡ್ ಸ್ವಲ್ಪ ಕೆಳಗೆ ಕೂತಿತ್ತು. ಅಷ್ಟಕ್ಕೇ ಎಣ್ಣೆ ತಟ್ಟೆಯಿಂದ ಮೇಲೆ ಬರುವ ಲಿಫ್ಟರ್ ಕಡ್ಡಿ ಹೆಡ್ಡಿನ ಲಿವರ್‌ಗೆ ಸದಾ ತಾಗಿಕೊಂಡಿತ್ತು. ಪ್ರೆಷರ್ ಫುಟ್ ಮೇಲೇಳುವಷ್ಟು ಅಲ್ಲ, ಡಿಸ್ಕ್ ಹಿಡಿತ ತಪ್ಪುವಷ್ಟು. ಮೋಟರ್ ಅದುರಿಗೆ ಹೆಡ್ ಒಂದಿಷ್ಟು ಆಚೀಚೆ ಆದಾಗ ತಾನಾಗಿಯೇ ಸರಿಹೋಗುತ್ತಿತ್ತು, ಮತ್ತೆ ಕೆಡುತ್ತಿತ್ತು. ಆ ಕಡ್ಡಿ ತೆಗೆದಿಟ್ಟು ಹೊಲಿದರೆ ಹೊಲಿಗೆ ಸರಿಯಾಯಿತು. ಹೊಸ ರಬ್ಬರ್ ಹಾಕಿ, ಮಂಡಿ ತಾಗಿದರೂ ಕೊಂಚ ಸಡಿಲ ಇರುವ ಹಾಗೆ ಲಿಫ್ಟರ್ ಸ್ಕ್ರೂ ಹೊಂದಿಸಿದರು. ರಬ್ಬರಿಗೆ ಆದ ಖರ್ಚು ಒಂದು ಮಸಾಲೆ ದೋಸೆಯಷ್ಟು.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮೊದಲಿನವನು ಹಾಕಿದ ಹುಕ್ ತನ್ನದೇ ತೊಂದರೆ ತಂದಿತ್ತು. ಬಾಬಿನ್ ಕೇಸ್ ಕೂರುವ ಒಳಗಿನ ಬಟ್ಟಲು ತಿರುಗದ ಹಾಗೆ ಅದನ್ನು ಒಂದು ಫಿಂಗರ್ ಹಿಡಿದಿರುತ್ತದೆ. ಆ ಫಿಂಗರ್ ಮತ್ತು ಬಟ್ಟಲಿನ ನಡುವೆ ದಾರ ಜಾರಿ ಹೋಗುವಷ್ಟು ಸಂದು ಬೇಕು. ಸುಮಾರು ಅರ್ಧ ಮಿಲಿಮೀಟರ್. ಅವನು ಅದನ್ನು ಅಂಟಿಸಿದ ಹಾಗೆ ಕೂರಿಸಿದ್ದ. ಪ್ರತಿ ಹೊಲಿಗೆಗೂ ದಾರ ಅಲ್ಲಿ ಸಿಕ್ಕಿಕೊಂಡು ಕಿತ್ತು ಬರುತ್ತಿತ್ತು. ದಾರ ಕಡಿಯುತ್ತಿದ್ದದ್ದು ನಟ್ ಬಿಗಿಯಿಂದ ಮಾತ್ರವಲ್ಲ, ಇದರಿಂದಲೂ. ಹುಕ್ಕಿನ ಮೂತಿ ಮತ್ತು ಸೂಜಿಯ ನಡುವಿನ ಅಂತರವೂ ತಪ್ಪಿತ್ತು. ಡಿಡಿಎಲ್ ಸಾಲಿನ ಮಷಿನ್‌ಗಳಿಗೆ ಜೂಕಿ ಕೈಪಿಡಿ ಹೇಳುವುದು 0.04ರಿಂದ 0.1 ಮಿಲಿಮೀಟರ್. ಅಂದರೆ ಸೂಜಿಗೆ ತಾಗಬಾರದು, ದೂರವೂ ಇರಬಾರದು. ಸೂಜಿ ಒಮ್ಮೆ ಇಳಿದು ಏರುವುದರೊಳಗೆ ಹುಕ್ ಎರಡು ಸುತ್ತು ತಿರುಗುತ್ತದೆ. ನಿಮಿಷಕ್ಕೆ 4000 ಹೊಲಿಗೆಯ ವೇಗದಲ್ಲಿ ಅದು 8000 ಸುತ್ತು. ಅಷ್ಟು ವೇಗದಲ್ಲಿ ತಿರುಗುವ ವಸ್ತುವನ್ನು ಕಣ್ಣಂದಾಜಿನಲ್ಲಿ ಕೂರಿಸುವವನ ಕೈಗೆ ಮಷಿನ್ ಕೊಡಬಾರದು.

ಹಿರಿಯರು ಹೊಸ ಹುಕ್ಕಿನ ಅಂಚಿನ ಮೇಲೆ ದಾರ ಆಡಿಸಿ ತೋರಿಸಿದರು. ತರಿ ತರಿಯಾಗಿತ್ತು. ನುಣ್ಣನೆಯ ಎಮರಿ ಪೇಪರಿನಲ್ಲಿ ಉಜ್ಜಿ ಸದ್ಯಕ್ಕೆ ಓಡುವ ಹಾಗೆ ಮಾಡಿಕೊಟ್ಟರು. ಹಳೆಯ ಜಪಾನಿ ಹುಕ್ಕನ್ನು ಯಾರೂ ಗುಜರಿಗೆ ಹಾಕಲ್ಲಮ್ಮ, ಪಾಲಿಷ್ ಮಾಡಿ ಬೇರೆ ಮಷಿನ್‌ಗೆ ಮಾರ್ತಾರೆ ಅಂದರು. ಹುಕ್ ನಿಜವಾಗಿ ಸವೆದರೆ ಹೊಲಿಗೆ ತಪ್ಪುತ್ತದೆ, ದಾರ ಸೀಳುತ್ತದೆ. ಗೀರು ಬಿದ್ದಿದ್ದರೆ ಅಲ್ಲೊಂದು ಇಲ್ಲೊಂದು ಕುಣಿಕೆ ಬರಬಹುದು. ಉದ್ದಕ್ಕೂ ಒಂದೇ ಸಮನೆ ಸಡಿಲ ಹೊಲಿಗೆ ಬರುತ್ತಿದ್ದರೆ ಹುಕ್ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕೊನೆಗೆ.

ಹಾಗಾಗಿ ಯಾರನ್ನಾದರೂ ಕರೆಸುವ ಮುಂಚೆ ಆ ಮಂಡಿ ಪರೀಕ್ಷೆ ನೀವೇ ಮಾಡಿ. ವ್ಯತ್ಯಾಸವೇ ತಿಳಿಯದಿದ್ದರೆ ಲಿಫ್ಟರ್, ಪಿನ್, ಡಿಸ್ಕ್, ಹೆಚ್ಚಾಗಿ ಈ ಮೂರರಲ್ಲೇ ತಪ್ಪು ಇರುತ್ತದೆ. ಡಿಸ್ಕ್ ನಡುವೆ ದಾರದ ನೂಲು, ಧೂಳು ತುಂಬಿದ್ದರೂ ಹಿಡಿತ ಸಿಗಲ್ಲ. ಮಂಡಿ ಒತ್ತಿ ಹಿಡಿದು ಒಂದು ತೆಳು ಬಟ್ಟೆಯ ಪಟ್ಟಿಯನ್ನು ಡಿಸ್ಕ್ ಮಧ್ಯೆ ಆಡಿಸಿದರೆ ಏನೇನು ಹೊರಗೆ ಬರುತ್ತೆ ನೋಡಿ. ಡಿಸ್ಕ್ ಒಳಮೈಯಲ್ಲಿ ದಾರ ಕೊರೆದ ಗೆರೆ ಬಿದ್ದಿದ್ದರೆ ಮಾತ್ರ ಬದಲಾಯಿಸಿ.

ಸೂಜಿಯಲ್ಲೂ ಬಹಳ ಎಡವಟ್ಟು ಆಗುತ್ತದೆ. ಈ ಮಷಿನ್‌ಗೆ ಬೇಕಾದ್ದು ಡಿಬಿ×1, ಹಿಡಿ ಪೂರ್ತಿ ದುಂಡಗಿರುತ್ತದೆ. ಮನೆ ಮಷಿನ್ ಸೂಜಿಯ ಹಿಡಿ ಒಂದು ಕಡೆ ಚಪ್ಪಟೆ, ಉದ್ದವೂ ಬೇರೆ. ದುಂಡು ಹಿಡಿ ಆದ್ದರಿಂದ ಸೂಜಿ ಹೇಗೆ ಬೇಕಾದರೂ ಕೂತುಬಿಡುತ್ತದೆ. ಸೂಜಿಯ ಮೈಮೇಲಿನ ಉದ್ದನೆ ಕಾಲುವೆ ಎಡಕ್ಕೆ ಇರಬೇಕು, ದಾರ ಎಡದಿಂದ ಬಲಕ್ಕೆ ಪೋಣಿಸಬೇಕು. ಸ್ವಲ್ಪ ಓರೆಯಾದರೂ ಹೊಲಿಗೆ ತಪ್ಪುತ್ತೆ, ಆಗ "ಟೈಮಿಂಗ್ ಹೋಗಿದೆ" ಅನ್ನುವವರು ತಯಾರಾಗಿರುತ್ತಾರೆ.

ಬಾಬಿನ್ ಕೇಸ್‌ಗೆ ಹಳೆಯ ಪರೀಕ್ಷೆಯೇ ಸಾಕು. ದಾರದ ತುದಿ ಹಿಡಿದು ಕೇಸನ್ನು ತೂಗಿಬಿಡಿ. ಸುಮ್ನೆ ಹಿಡಿದರೆ ನಿಲ್ಲಬೇಕು, ಮೆಲ್ಲಗೆ ಜಗ್ಗಿದರೆ ಕೊಂಚ ಇಳಿದು ಮತ್ತೆ ನಿಲ್ಲಬೇಕು. ಸರ್ರನೆ ನೆಲಕ್ಕೆ ಹೋದರೆ ಸಡಿಲ, ಜಗ್ಗಿದರೂ ಅಲುಗದಿದ್ದರೆ ಬಿಗಿ. ಬಾಬಿನ್ನಿಗೆ ಅಂಚಿನವರೆಗೂ ದಾರ ತುಂಬಬೇಡಿ. ಎಣ್ಣೆಯ ಬಗ್ಗೆ ಒಂದೇ ಮಾತು, ಕೊಬ್ಬರಿ ಎಣ್ಣೆ ಹಾಕಬೇಡಿ. ತಂಪಿಗೆ ಹೆಪ್ಪುಗಟ್ಟುತ್ತದೆ. ಹೊಲಿಗೆ ಮಷಿನ್‌ನ ಬಿಳಿ ಎಣ್ಣೆ ಮಾತ್ರ.

ಹಳೆ ಹೆಡ್ ಕೊಳ್ಳುವವರು ಅಂಗಡಿಗೆ ನಿಮ್ಮದೇ ಬಟ್ಟೆ, ನಿಮ್ಮದೇ ದಾರ ತೆಗೆದುಕೊಂಡು ಹೋಗಿ. ಅವರು ಕೊಡುವ ಗಟ್ಟಿ ಚಿಂದಿಯ ಮೇಲೆ ಯಾವ ಮಷಿನ್ ಆದರೂ ಚೆನ್ನಾಗಿ ಹೊಲಿಯುತ್ತದೆ. ಮೇಲೆ ಕೆಂಪು, ಬಾಬಿನ್‌ಗೆ ಹಸಿರು ಹಾಕಿ ಓಡಿಸಿದರೆ ಯಾವ ದಾರ ಯಾವ ಕಡೆ ಇಣುಕುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಹೊಸ ಪೇಂಟು, ಹೊಳೆಯುವ ಹೆಸರಿನ ಪಟ್ಟಿ ನೋಡಿ ಮರುಳಾಗಬೇಡಿ. ಬ್ಯಾಲೆನ್ಸ್ ವೀಲ್ (ಬಲಗಡೆಯ ಕೈಚಕ್ರ) ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಬುಶ್ ಸವೆದಿದ್ದರೆ ಅಲ್ಲೇ ಗೊತ್ತಾಗುತ್ತೆ. ನನ್ನ ಹೆಡ್ಡಿನಲ್ಲಿ ಅಂಥ ಅಲುಗಾಟ ಏನೂ ಇರಲಿಲ್ಲ.

ರಿಪೇರಿಯವರು ಬಂದಾಗ ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ, ಹುಕ್ಕಿನ ಮೇಲಿನ ಗುರುತು ಕಾಣುವ ಹಾಗೆ. ಬಿಚ್ಚಿದ ಪ್ರತಿ ಪಾರ್ಟೂ ನಿಮ್ಮ ಕೈಗೇ ಬರಬೇಕು ಅಂತ ಮೊದಲೇ ಹೇಳಿ. ಕೆಟ್ಟಿರಲಿ, ಸವೆದಿರಲಿ, ಅದು ನಿಮ್ಮದು. ಇಷ್ಟು ಹೇಳಿದರೆ ಅರ್ಧ ಜನರ ಬಾಯಲ್ಲಿ "ಶಟಲ್ ಹೋಗಿದೆ" ಅನ್ನುವ ಮಾತೇ ಬರುವುದಿಲ್ಲ. ಯಾವ ಪಾರ್ಟಿಗೆ ಎಷ್ಟು ಅಂತ ಬಿಲ್ ಬರೆಸಿಕೊಳ್ಳಿ.

ಬಿಲ್ ಇದ್ದರೆ ದೂರು ಕೊಡಲೂ ದಾರಿ ಇದೆ. ಹೊಲಿಗೆ ವ್ಯಾಪಾರ ಅಲ್ವಾ, ಗ್ರಾಹಕ ಕಾನೂನು ನಮಗೆ ಅನ್ವಯಿಸಲ್ಲ ಅಂತ ಕೆಲವರು ಹೆದರಿಸುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವನ್ನು ವ್ಯಾಪಾರದ ಉದ್ದೇಶದ್ದು ಅಂತ ಎಣಿಸುವುದಿಲ್ಲ. ಮನೆಯಲ್ಲೇ ಒಂದೆರಡು ಮಷಿನ್ ಇಟ್ಟುಕೊಂಡು ತಾವೇ ಹೊಲಿಯುವವರು ಈ ಮಾತನ್ನು ಹಿಡಿದು ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915, ಕರೆಗೆ ದುಡ್ಡಿಲ್ಲ. ನನ್ನ ಹತ್ತಿರ ಬಿಲ್ ಇರಲಿಲ್ಲ, ಕೇಳಿದಾಗ "ಪರಿಚಯದವರಿಗೆ ಬಿಲ್ ಯಾಕಕ್ಕಾ" ಅಂದಿದ್ದ. ಹಾಗಂದವನ ಹತ್ತಿರವೇ ಬಿಲ್ ಜೋರಾಗಿ ಕೇಳಿ.