ಬೇವಿನೆಣ್ಣೆ ಮತ್ತು ಜಂತಿನ ಪುಡಿ: ನಾಲ್ಕು ವರ್ಷ ದನ ಕುರಿಗೆ ಬಳಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ. ಮೈಮೇಲಿನ ಹುಳಕ್ಕೆ ಗಾಣದ ಬೇವಿನೆಣ್ಣೆಗೆ ಐದಕ್ಕೆ ನಾಲ್ಕು. ಹೊಟ್ಟೆ ಜಂತಿಗೆ ಅಂತ ಮಾರೋ ಗಿಡಮೂಲಿಕೆ ಪುಡಿಗೆ ಒಂದು, ಆ ಒಂದೂ ಯಾಕಪ್ಪಾ ಅಂದ್ರೆ ಅದರಲ್ಲಿ ಬೆಲ್ಲ ಇತ್ತು, ಕುರಿಗಳು ಇಷ್ಟಪಟ್ಟು ತಿಂದ್ವು.

ನಮ್ದು ಹಿರಿಯೂರು ತಾಲ್ಲೂಕು. ಎರಡು ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಸೀಮೆ ತಳಿ) ಹಸು, ಒಂದು ಜೊತೆ ಹಳ್ಳಿಕಾರ್ ಎತ್ತು, ಕುರಿ ಮೂವತ್ತರ ಆಸುಪಾಸು, ಹಬ್ಬ ಬಂದಾಗ ಕಮ್ಮಿ ಆಗ್ತವೆ. ಮುಂಚೆ ಉಣುಗಿಗೆ ಅಂಗಡಿ ಔಷಧೀನೇ ಹೊಡೀತಿದ್ವಿ (ದನದ ಮೈಗೆ ಕಚ್ಕೊಂಡು ರಕ್ತ ಹೀರೋ ಹುಳ, ನಮ್ಮ ಕಡೆ ಉಣ್ಣೆ ಅಂತಾನೂ ಅಂತಾರೆ, ಕುರಿ ಉಣ್ಣೆ ಅಂದ್ಕೋಬಾರ್ದು ಅಂತ ಇಲ್ಲಿ ಉಣುಗು ಅಂತ ಬರೀತೀನಿ). ಮೊದಮೊದ್ಲು ಸಂಜೆ ಹೊಡೆದ್ರೆ ಬೆಳಿಗ್ಗೆ ಉದುರಿ ಬಿದ್ದಿರ್ತಿದ್ವು, ಆಮೇಲಾಮೇಲೆ ಡಬಲ್ ಹಾಕಿದ್ರೂ ಕದಲ್ತಿರ್ಲಿಲ್ಲ, ಒಂದೇ ಔಷಧಿ ವರ್ಷಗಟ್ಟಲೆ ಹೊಡೆದ್ರೆ ಹುಳ ಅದಕ್ಕೆ ಒಗ್ಗಿಹೋಗುತ್ತೆ. ಅಷ್ಟರಲ್ಲಿ 2021ರಲ್ಲಿ ಒಂದು ಎಚ್ಎಫ್‌ಗೆ ಥೈಲೇರಿಯಾ ಜ್ವರ ಬಂತು. ಅದು ಉಣುಗಿಂದಾನೇ ಹರಡೋದು, ನಾಟಿ ದನ ಎಷ್ಟೋ ತಡ್ಕೊಳ್ಳುತ್ತೆ, ಎಚ್ಎಫ್ ತಡ್ಕೊಳಲ್ಲ. ಹಸು ಉಳೀತು, ಆದ್ರೆ ಆ ಸೂಲು ಹಾಲು ಅರ್ಧಕ್ಕೆ ಇಳೀತು. ಆವಾಗ ಬೇವಿನೆಣ್ಣೆಗೆ ಬಂದೆ.

ಮೊದ್ಲು ತಂದಿದ್ದು ಅಂಗಡಿ ಬಾಟಲಿ. ತೆಳ್ಳಗೆ, ತಿಳಿ ಬಣ್ಣ, ಸೆಂಟ್ ವಾಸನೆ ಬೇರೆ. ಏನೂ ಆಗ್ಲಿಲ್ಲ, ಉಣುಗು ಮೈಗೆ ಎಣ್ಣೆ ಹಚ್ಕೊಂಡು ಆರಾಮಾಗಿ ಕೂತಿದ್ವು. ಆಮೇಲೆ ಚಳ್ಳಕೆರೆಗೆ ಹೋಗಿ ಗಾಣದ್ದು ತಂದೆ, ಆ ಊರು ಎಣ್ಣೆ ಮಿಲ್ಲಿಗೇ ಹೆಸರು ತಾನೇ, ಹುಡುಕಿದ್ರೆ ಬೇವಿನ ಬೀಜ ಗಾಣಕ್ಕೆ ಹಾಕಿ ಆಡಿಸೋರೂ ಸಿಗ್ತಾರೆ. ಒಳ್ಳೆ ಎಣ್ಣೆ ಗುರುತು ಹಿಡಿಯೋದು ಸುಲಭ. ಕಂದು ಬಣ್ಣ, ಮೂಗಿಗೆ ಬೆಳ್ಳುಳ್ಳಿ ಕೊಳೆತಂಗೆ ನಾತ, ಮಾಗಿ ಚಳೀಲಿ ಬೆಳಿಗ್ಗೆ ನೋಡಿದ್ರೆ ಬಾಟಲಿ ತಳದಲ್ಲಿ ತುಪ್ಪದ ಥರ ಗಟ್ಟಿ ಕಟ್ಟಿರುತ್ತೆ, ಬಿಸಿಲಿಗಿಟ್ರೆ ಕರಗುತ್ತೆ.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಎಣ್ಣೇನ ಸೀದಾ ಸ್ಪ್ರೇಯರ್ ನೀರಿಗೆ ಸುರಿದಿದ್ದು. ಎಣ್ಣೆ ಮೇಲೆ ತೇಲುತ್ತೆ, ಪೈಪು ತಳದಿಂದ ಎಳಿಯುತ್ತೆ, ಹಂಗಾಗಿ ಮೊದಲ್ನೇ ಹಸುಗೆ ಬರೀ ನೀರು, ಕೊನೇ ಎತ್ತಿಗೆ ಪೂರ್ತಿ ಎಣ್ಣೆ. ಎರಡು ದಿನ ಅದು ಮೈ ಜಿಡ್ಡು ಮಾಡ್ಕೊಂಡು, ಧೂಳೆಲ್ಲಾ ಮೆತ್ಕೊಂಡು ನಿಂತಿತ್ತು, ನಮ್ಮಪ್ಪ ನನ್ನ ಮುಖ ನೋಡಿ "ಒಗ್ಗರಣೆ ಒಂದು ಬಾಕಿ ಐತೆ ನೋಡು" ಅಂದ್ರು. ಈಗ ಮೊದ್ಲು ಎಣ್ಣೆಗೆ ಅಂಟುವಾಳದ ನೊರೆ ಹಾಕಿ ಹಾಲಿನ ಥರ ಬೆಳ್ಳಗಾಗೋವರೆಗೂ ಕಲೆಸಿ, ಆಮೇಲೆ ನೀರಿಗೆ ಬಿಡ್ತೀನಿ, ಲೀಟರಿಗೆ 30 ಎಂಎಲ್ ಎಣ್ಣೆ. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗ್ಬಿಡುತ್ತೆ, ಅದಕ್ಕೆ ಸಂಜೇನೇ ಹೊಡಿಯೋದು. ಬೆನ್ನಿಗೆ ಹೊಡೆದು ಬಂದ್ರೆ ದಂಡ, ಉಣುಗು ಇರೋದು ಕಿವಿ ಒಳಗೆ, ಬಾಲದ ಬುಡದಲ್ಲಿ, ತೊಡೆ ಸಂದಿ, ಕತ್ತಿನ ಕೆಳಗೆ ಜೋತಾಡೋ ಗಂಗೆದೊಗಲಿನ ಮಡಿಕೆಲಿ. ಕೆಚ್ಚಲ ಹತ್ರ ಹಚ್ಚಿದ್ರೆ ಹಾಲು ಕರೆಯೋಕೆ ಮುಂಚೆ ಬಿಸಿನೀರಲ್ಲಿ ಚೆನ್ನಾಗಿ ತೊಳೀರಿ, ಇಲ್ಲಾಂದ್ರೆ ಹಾಲಿಗೆ ವಾಸನೆ ಬರುತ್ತೆ, ಡೇರಿಲಿ ಮಾತು ಕೇಳ್ಬೇಕಾಗುತ್ತೆ.

ಇನ್ನೊಂದು, ಬೇವು ಉಣುಗನ್ನ ತಕ್ಷಣ ಸಾಯಿಸಲ್ಲ. ಹತ್ತಿರ ಬರೋದು ಕಮ್ಮಿ ಮಾಡುತ್ತೆ, ಬೆಳೆಯೋದು ಕೆಡಿಸುತ್ತೆ. ವಾರಕ್ಕೊಂದು ಸಲದಂಗೆ ನಾಲ್ಕೈದು ವಾರ ಬಿಡದೆ ಹೊಡೆದ ಮೇಲೇನೇ ನಂಗೆ ವ್ಯತ್ಯಾಸ ಕಂಡಿದ್ದು. ಅದೂ ಕೊಟ್ಟಿಗೆ ಗೋಡೆ ಸರಿ ಮಾಡಿದ ಮೇಲೆ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಕೆಳಗೆ ಬಿದ್ದು ಬಿರುಕಿನೊಳಗೆ ಸೇರ್ಕೊಂಡು ಎರಡು ಮೂರು ಸಾವಿರ ಮೊಟ್ಟೆ ಇಡುತ್ತೆ, ನಾವು ಹಸು ಮೈ ತೊಳೀತಾ ಕೂತ್ರೆ ಗೋಡೇಲಿ ಮುಂದಿನ ಬ್ಯಾಚ್ ರೆಡಿ ಆಗ್ತಿರುತ್ತೆ. ಒಂದು ಭಾನುವಾರ ಬಿರುಕಿಗೆಲ್ಲಾ ಮಣ್ಣು ಮೆತ್ತಿ ಸುಣ್ಣ ಬಳಿದ್ವಿ, ಆ ಕೆಲಸ ಅರ್ಧ ಔಷಧಿಗೆ ಸಮ.

ಎನ್‌ಡಿಡಿಬಿಯವರು (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಹೇಳಿಕೊಡೋ ಕಷಾಯಾನೂ ಮಾಡಿದೀನಿ. ಬೆಳ್ಳುಳ್ಳಿ ಹತ್ತು ಎಸಳು, ಬೇವಿನ ಸೊಪ್ಪು ಬೇವಿನ ಕಾಯಿ ತುಳಸಿ ಲಂಟಾನ ಎಲೆ ಒಂದೊಂದು ಹಿಡಿ, ಬಜೆ 10 ಗ್ರಾಂ, ಅರಿಶಿನ 20 ಗ್ರಾಂ, ಎಲ್ಲಾ ರುಬ್ಬಿ ಒಂದು ಲೀಟರ್ ನೀರಿಗೆ ಸೋಸಿ ಹೊಡಿಯೋದು. ಕೆಲಸ ಮಾಡುತ್ತೆ, ಸುಳ್ಳಲ್ಲ. ಆದ್ರೆ ಎರಡು ಸಲ ಬಟ್ಟೇಲಿ ಸೋಸದಿದ್ರೆ ನಾಝಲ್ ಕಟ್ಕೊಳ್ಳುತ್ತೆ, ಮಿಕ್ಸಿ ಜಾರ್ ಮತ್ತೆ ಅಡಿಗೆಗೆ ಬರಲ್ಲ (ಮನೇಲಿ ಇದಕ್ಕೆ ಆದ ಜಗಳ ಬೇರೇನೇ ಕಥೆ), ಮೂರನೇ ದಿನಕ್ಕೆ ಹುಳಿ ನಾತ. ಒಂದೆರಡು ಹಸು ಇರೋರಿಗೆ ಸರಿ. ಲಂಟಾನ ದನದ ಹೊಟ್ಟೆಗೆ ಹೋದ್ರೆ ವಿಷ, ಸೋಸಿದ ಚರಟ ಗೋದಲಿ ಹತ್ರ ಬಿಸಾಕಬೇಡಿ.

ಸೀತಾಫಲದ ಬೀಜದ ಪುಡಿ ಹೇನಿಗೆ ಭಾರಿ ಒಳ್ಳೇದು ಅಂತಾರೆ, ನಿಜ ಕೂಡ. ಆದ್ರೆ ನನ್ನ ತಮ್ಮ ಅದನ್ನ ಮೇಕೆಮರಿಗೆ ಹಚ್ಚಿ ಅದೇ ಕೈಲಿ ಕಣ್ಣು ಉಜ್ಕೊಂಡು, ರಾತ್ರಿಯೆಲ್ಲಾ ಒದ್ದಾಡಿ, ಕಣ್ಣಿನ ಗುಡ್ಡೆಗೆ ಗಾಯ ಆಗಿ ಹತ್ತು ದಿನ ಪಟ್ಟಿ ಕಟ್ಕೊಂಡಿದ್ದ. ನಮ್ಮನೇಲಿ ಅದು ಬಂದ್ ಆಯ್ತು. ಹೊಗೆಸೊಪ್ಪಿನ ನೀರೂ ಬೇಡ, ನಿಕೋಟಿನ್ ಚರ್ಮದಿಂದಾನೇ ಒಳಗೆ ಇಳಿಯುತ್ತೆ, ಮರಿಗಳು ತಡ್ಕೊಳಲ್ಲ.

ಈಗ ಹೊಟ್ಟೆ ಹುಳದ ವಿಷಯ. 2022 ನೆನಪಿರ್ಬೇಕಲ್ಲ, ಆ ಪರಿ ಮಳೆ. ವಾಣಿವಿಲಾಸ ಸಾಗರ 1933 ಆದ್ಮೇಲೆ, 89 ವರ್ಷಕ್ಕೆ ಕೋಡಿ ಬಿತ್ತು, ಊರಿಗೆ ಊರೇ ಮಾರಿಕಣಿವೆಗೆ ನೋಡೋಕೆ ಹೋಗಿತ್ತು, ನಾವೂ ಬುತ್ತಿ ಕಟ್ಕೊಂಡು ಹೋಗಿದ್ವಿ. ಎಲ್ಲಿ ನೋಡಿದ್ರೂ ಹಸಿರು, ಕುರಿ ಮೇಯಿಸೋಕೆ ಸ್ವರ್ಗ ಅಂದ್ಕೊಂಡೆ. ಒದ್ದೆ ಹುಲ್ಲಿನ ಬುಡದಲ್ಲಿ ಜಂತಿನ ಮರಿಗಳಿಗೂ ಅದೇ ಸ್ವರ್ಗ ಅಂತ ಆವಾಗ ತಲೆಗೆ ಹೊಳೀಲಿಲ್ಲ. ನೂರಕ್ಕೆ ನೂರು ನ್ಯಾಚುರಲ್ ಅಂತ ಬರ್ಕೊಂಡಿದ್ದ ಒಂದು ಪುಡಿ, ಹೆಸರು ಬೇಡ ಬಿಡಿ, ಮೂರು ದಿನ ತಿನ್ನಿಸಿ ಜಂತಿನ ಕೆಲಸ ಮುಗೀತು ಅಂತ ನಿಶ್ಚಿಂತೆಯಿಂದ ಇದ್ದೆ.

ಹದಿನೈದು ದಿನಕ್ಕೆ ಒಂದು ಕುರಿಗೆ ದವಡೆ ಕೆಳಗೆ ಚೀಲದ ಥರ ಬಾವು. ಸಂಜೆ ಮೇದು ಬಂದಾಗ ತುಂಬ್ಕೊಂಡಿರೋದು, ಬೆಳಿಗ್ಗೆ ಇಳಿದಿರೋದು, ಹಂಗಾಗಿ ಏನೋ ಮುಳ್ಳು ಚುಚ್ಚಿರ್ಬೇಕು ಅಂತ ಬಿಟ್ಟೆ. ಒಂದು ವಾರದಲ್ಲಿ ಎರಡು ಕುರಿ, ಎರಡು ಮರಿ ಹೋದ್ವು. ಡಾಕ್ಟ್ರು ಬಂದು ಸತ್ತ ಕುರಿ ಜಠರ ಕೊಯ್ದು ತೋರ್ಸಿದ್ರು. ಕೆಂಪು ಬಿಳಿ ದಾರ ಹೊಸೆದಂಗೆ ಇರೋ ಸಣ್ಣ ಹುಳ, ಎಣಿಸೋಕೆ ಆಗ್ದಷ್ಟು. "ಒಂದು ಹುಳ ದಿನಕ್ಕೆ 0.05 ಎಂಎಲ್ ರಕ್ತ ಕುಡಿಯುತ್ತೆ ಯಜಮಾನ್ರೆ, ಸಾವಿರ ಇದ್ರೆ 50 ಎಂಎಲ್, ಇಷ್ಟು ದಿನ ಇದು ಬದುಕಿದ್ದೇ ಹೆಚ್ಚು" ಅಂದ್ರು. ಆಮೇಲೆ ಬದುಕಿರೋ ಕುರಿಗಳ ಕಣ್ಣಿನ ಕೆಳರೆಪ್ಪೆ ಮಗುಚಿ ತೋರ್ಸಿದ್ರು, ಕೆಂಪಗಿರಬೇಕಾದ್ದು ಕಾಗದದ ಥರ ಬೆಳ್ಳಗೆ. ಅವತ್ತೇ ತೂಕ ನೋಡಿ ಇಂಗ್ಲಿಷ್ ಔಷಧಿ ಕುಡಿಸಿದ್ರು, ಉಳಿದವು ಉಳ್ಕೊಂಡ್ವು. ಈ ರೆಪ್ಪೆ ನೋಡೋದಕ್ಕೆ ಐದು ಬಣ್ಣದ ಒಂದು ಕಾರ್ಡ್ ಇದೆ, ಫಮಾಚಾ ಅಂತ, ದಕ್ಷಿಣ ಆಫ್ರಿಕಾದಲ್ಲಿ ಕುರಿಗೇ ಅಂತ ಮಾಡಿದ್ದು. ನನ್ನ ಹತ್ರ ಕಾರ್ಡ್ ಇಲ್ಲ, ಆದ್ರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಂದೊಂದು ಕುರಿ ರೆಪ್ಪೆ ಮಗುಚದೆ ರೊಪ್ಪದಿಂದ (ಕುರಿ ದೊಡ್ಡಿಯಿಂದ) ಬಿಡಲ್ಲ.

ಗಿಡದ ಔಷಧಿ ಪೂರ್ತಿ ಬಿಟ್ಟೆ ಅಂತಲ್ಲ. ಹಾಗಲಕಾಯಿ, ತುಂಬೆ ಸೊಪ್ಪು, ಬಾಳೆದಿಂಡು, ಸಾಸಿವೆ, ಜೀರಿಗೆ, ಮೆಣಸು ಎಲ್ಲಾ ರುಬ್ಬಿ ಬೆಲ್ಲ ಸೇರಿಸೋ ಉಂಡೆ ಇದೆಯಲ್ಲ, ಅದನ್ನ 2024ರಲ್ಲಿ ಐದು ಮರಿಗೆ ಕೊಟ್ಟು, ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ಹಿಕ್ಕೆ ಟೆಸ್ಟ್ ಮಾಡಿಸಿದೆ. ಎರಡಕ್ಕೆ ಜಂತಿನ ಮೊಟ್ಟೆ ಕಮ್ಮಿ ಆಗಿತ್ತು, ಮೂರಕ್ಕೆ ಹೆಚ್ಚುಕಮ್ಮಿ ಅಷ್ಟೇ ಇತ್ತು. ಮರಿ ಚೆನ್ನಾಗಿ ಮೇಯ್ತಾವೆ, ಅದು ಖರೆ. ಚನ್ನಗಿರಿ ಕಡೆ ನಮ್ಮ ಬೀಗರು ಅಡಿಕೆ ಕೊಡು ಅಂತಾರೆ, ಅಡಿಕೇಲಿರೋ ಅರೆಕೊಲಿನ್ ಹಿಂದೆ ನಾಯಿ ಲಾಡಿಹುಳಕ್ಕೆ ಔಷಧಿ ಆಗಿತ್ತಂತೆ, ಆದ್ರೆ ಸ್ವಲ್ಪ ಹೆಚ್ಚಾದ್ರೂ ಕುತ್ತು, ನಾನು ಮುಟ್ಟಿಲ್ಲ.

ನಂಗೆ ನಿಜವಾಗ್ಲೂ ಕೆಲಸ ಮಾಡಿದ್ದು ಕಾಸು ಕೊಡದೆ ಸಿಕ್ಕಿದ್ದು. ನಮ್ಮ ತಾತ ಮಂಜು ಆರೋವರೆಗೂ ರೊಪ್ಪದ ಬಾಗಿಲು ತೆಗೀತಿರ್ಲಿಲ್ಲ, ಸೋಮಾರಿ ಮುದುಕ ಅಂದ್ಕೊಂಡಿದ್ದೆ. ಜಂತಿನ ಮರಿ ಒದ್ದೆ ಇದ್ದಾಗ ಹುಲ್ಲಿನ ಮೇಲಕ್ಕೆ ಹತ್ತುತ್ತೆ, ಅದೂ ನೆಲದಿಂದ ಒಂದು ಗೇಣಿನೊಳಗೇ ಜಾಸ್ತಿ. ಅದಕ್ಕೇ ಈಗ ಮಳೆಗಾಲದಲ್ಲಿ ಬಿಸಿಲೇರಿದ ಮೇಲೆ ಬಿಡ್ತೀನಿ, ಆಗೋಷ್ಟು ಜಾಲಿ ಸೊಪ್ಪು ಕಡಿದು ಮೇಲೆ ಕಟ್ಟಿ ತಿನ್ನಿಸ್ತೀನಿ.

ನಾಳೆ ಮತ್ತೆ ಹಿಕ್ಕೆ ತಗೊಂಡು ಪಶು ಆಸ್ಪತ್ರೆಗೆ ಹೋಗ್ಬೇಕು. ಹೋದ್ಸಲ ಕವರ್ ಮೇಲೆ ಕಿವಿ ನಂಬರ್ ಬರೆಯೋದು ಮರ್ತು, ಯಾವ ಕುರೀದು ಯಾವುದು ಅಂತ ಗೊತ್ತಾಗ್ದೆ ಎಂಟಕ್ಕೂ ಔಷಧಿ ಕುಡಿಸ್ಬೇಕಾಯ್ತು. ಈ ಸಲ ಮಗಳು ಈಗ್ಲೇ ಸ್ಕೆಚ್ ಪೆನ್‌ನಲ್ಲಿ ಬರೆದಿಟ್ಟಿದಾಳೆ.