ಆಡೋದು ಪುಕ್ಕಟೆ, ಆಮೇಲೆ? ಐದು ಮಾನ್‌ಸ್ಟರ್ ಗೇಮ್‌ಗಳನ್ನು ಆಡಿ ನೋಡಿದ ಹೋಲಿಕೆ

ಬೇಸಿಗೆ ರಜೆಗೆ ಅಕ್ಕನ ಮಗ ಮೈಸೂರಿಗೆ, ನಮ್ಮ ಮನೆಗೆ ಬಂದಿದ್ದ. ಹನ್ನೊಂದು ವರ್ಷದ ಹುಡುಗ. ಅವನು ಬಸ್ ಹತ್ತುವ ಮೊದಲೇ ಅಕ್ಕನ ಫೋನ್ ಬಂತು: "ಅವನ ಕೈಗೆ ಮೊಬೈಲ್ ಕೊಡಬೇಡ ಕಣೋ. ನನ್ನ ಅಕೌಂಟಿಂದ 1,740 ರೂಪಾಯಿ ಹೋಗಿದೆ." ಮಾನ್‌ಸ್ಟರ್‌ಗಳನ್ನು ಕೂಡಿಹಾಕಿ ಕಾದಾಡಿಸುವ ಒಂದು ಗೇಮ್, ಹೆಸರು ಇಲ್ಲಿ ಬೇಡ. ಚಿಕ್ಕ ಚಿಕ್ಕ ಮೊತ್ತದಲ್ಲಿ ಒಂಬತ್ತು ಸಲ ದುಡ್ಡು ಕಟ್ ಆಗಿತ್ತು. ಅಷ್ಟಕ್ಕೆ ಏನು ಸಿಕ್ಕಿತು ಎಂದು ಅವನನ್ನೇ ಕೇಳಿದೆ. "ಪೆಟ್ಟಿಗೆ ತೆಗೆದೆ ಮಾವ. ಬೇಕಾಗಿದ್ದು ಬರಲೇ ಇಲ್ಲ," ಅಂದ. ಹೇಳುವಾಗ ಕಣ್ಣಲ್ಲಿ ನೀರಿತ್ತು.

ಬೈದು ಪ್ರಯೋಜನವಿಲ್ಲ ಅನ್ನಿಸಿತು. ಇಬ್ಬರೂ ಕೂತು ಐದು ಗೇಮ್ ಆರಿಸಿದೆವು: ಪೋಕೆಮಾನ್ ಗೋ, ಪೋಕೆಮಾನ್ ಯುನೈಟ್, ಪೋಕೆಮಾನ್ ಟಿಸಿಜಿ ಪಾಕೆಟ್, ಪೋಕೆಮಾನ್ ಷೋಡೌನ್, ಟಕ್ಸೆಮಾನ್. ಎರಡು ವಾರ ಒಂದು ಪೈಸೆಯನ್ನೂ ಹಾಕುವಂತಿಲ್ಲ. ಆಮೇಲೆ ಯಾವುದಾದರೂ ಒಂದಕ್ಕೆ ಹಾಕಲೇಬೇಕು ಅನ್ನಿಸಿದರೆ 500 ರೂಪಾಯಿ, ಅದೂ ಇಬ್ಬರೂ ಒಪ್ಪಿದರೆ ಮಾತ್ರ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಪ್ರಶ್ನೆ ಬರೆದುಕೊಂಡೆವು. ಈ ಗೇಮ್ ದುಡ್ಡು ಎಲ್ಲಿ ಕೇಳುತ್ತದೆ, ಆ ಕೇಳಿಕೆಗೆ ಕೊನೆ ಅಂತ ಇದೆಯೇ? ಹಿಡಿದ ಮಾನ್‌ಸ್ಟರ್ ನಿಜಕ್ಕೂ ಯಾರದು?

ಎರಡನೆಯ ಪ್ರಶ್ನೆ ಹುಡುಗನಿಗೆ ವಿಚಿತ್ರ ಅನ್ನಿಸಿತು. ಹಾಗಾಗಿ ಹಳೆಯ ಕತೆ ಹೇಳಿದೆ. ಪೋಕೆಮಾನ್ ಹುಟ್ಟಿದ್ದು 1996ರ ಫೆಬ್ರುವರಿ 27ರಂದು, ಜಪಾನಿನಲ್ಲಿ, ಗೇಮ್ ಬಾಯ್‌ಗೆ. ಕಾರ್ಟ್ರಿಜ್ ಒಂದು ಸಲ ಕೊಂಡರೆ ಮುಗಿಯಿತು, ಒಳಗಿದ್ದ ಪ್ರಾಣಿಗಳೆಲ್ಲ ಆ ಮನೆಯಲ್ಲೇ ಉಳಿಯುತ್ತಿದ್ದವು. ಪೋಕೆಮಾನ್‌ನ ಹಕ್ಕು ಇವತ್ತಿಗೂ ನಿಂಟೆಂಡೊ, ಗೇಮ್ ಫ್ರೀಕ್, ಕ್ರಿಯೇಚರ್ಸ್ ಎಂಬ ಮೂರು ಕಂಪನಿಗಳದು. ಆದರೆ ಮೊಬೈಲ್ ಗೇಮ್‌ಗಳನ್ನು ಹೆಚ್ಚಾಗಿ ಪರವಾನಗಿ ಪಡೆದ ಬೇರೆಯವರು ಕಟ್ಟುತ್ತಾರೆ. ಗೋ ಕಟ್ಟಿದ್ದು ಅಮೆರಿಕದ ನಿಯಾಂಟಿಕ್. ಯುನೈಟ್ ಕಟ್ಟಿದ್ದು ಚೀನಾದ ಟೆನ್ಸೆಂಟ್‌ಗೆ ಸೇರಿದ ಟಿಮಿ. ಪಾಕೆಟ್ ಕಟ್ಟಿದ್ದು ಡಿಎನ್‌ಎ ಎಂಬ ಜಪಾನಿ ಕಂಪನಿ, ಕ್ರಿಯೇಚರ್ಸ್ ಜೊತೆ ಸೇರಿ. ಪಿಕಾಚು ಒಂದೇ, ಗಲ್ಲಾಪೆಟ್ಟಿಗೆ ಮಾತ್ರ ಮೂರು.

ಊರಲ್ಲಿ ನಡೆದಾಡುತ್ತಾ ಫೋನಿನಲ್ಲಿ ಪೋಕೆಮಾನ್ ಹಿಡಿಯುವ ಗೋದಿಂದ ಶುರು ಮಾಡಿದೆವು. 2016ರ ಜುಲೈನಲ್ಲಿ ಹೊರದೇಶಗಳಲ್ಲಿ ಬಂದ ಇದು ಭಾರತಕ್ಕೆ ಬಂದದ್ದು ಆ ಡಿಸೆಂಬರಿನಲ್ಲಿ, ಜಿಯೊ ಜೊತೆ ಕೈಜೋಡಿಸಿ. ಇದರಲ್ಲಿ ಕಾಯಿನ್ ಗಳಿಸುವ ದಾರಿ ಜಿಮ್, ಅಂದರೆ ಊರಿನ ನಿಜವಾದ ಜಾಗಗಳಲ್ಲಿ ಗೇಮ್ ಗುರುತಿಸಿದ ಕಾದಾಟದ ಕಟ್ಟೆ. ನಿಮ್ಮ ಪೋಕೆಮಾನ್ ಜಿಮ್‌ನಲ್ಲಿ ಕಾವಲು ನಿಂತ ಪ್ರತಿ ಹತ್ತು ನಿಮಿಷಕ್ಕೆ ಒಂದು ಕಾಯಿನ್, ದಿನಕ್ಕೆ ಹೆಚ್ಚೆಂದರೆ 50. ಬೆಳಗ್ಗೆ ಆರೂವರೆಗೆ ಬಡಾವಣೆಯ ಪಾರ್ಕಿಗೆ ಹೋಗಿ ಒಂದನ್ನು ನಿಲ್ಲಿಸಿ ಬಂದೆವು. ಯಾರೋ ಸೋಲಿಸಿ ಹೊರಗಟ್ಟುವ ಹೊತ್ತಿಗೆ 23 ಕಾಯಿನ್ ಸಿಕ್ಕಿತ್ತು, ಅಂದರೆ ಮೂರು ಗಂಟೆ ಐವತ್ತು ನಿಮಿಷದ ಕಾವಲು. ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಸಂಬಳ ಎಂದು ಬರೆದ.

ಆ ಸಂಬಳಕ್ಕೆ ಏನು ಬರುತ್ತದೆ? ಹಲವರು ಸೇರಿ ಒಂದು ಬಲಶಾಲಿ ಪೋಕೆಮಾನ್‌ನನ್ನು ಎದುರಿಸುವ ಕದನಕ್ಕೆ ರೇಡ್ ಎಂದು ಹೆಸರು; ದೂರದ ರೇಡ್‌ಗೆ ಮನೆಯಿಂದಲೇ ಸೇರಿಕೊಳ್ಳುವ ಪಾಸ್ 2023ರ ಏಪ್ರಿಲ್‌ವರೆಗೆ 100 ಕಾಯಿನ್ ಇತ್ತು. ಆಗ ಅದನ್ನು 195ಕ್ಕೆ ಏರಿಸಿದರು, ಜಗತ್ತಿನೆಲ್ಲೆಡೆ ಆಟಗಾರರು ಪ್ರತಿಭಟಿಸಿದರು. ದಿನಕ್ಕೆ ಪೂರ್ತಿ 50 ಗಳಿಸಿದರೂ ಒಂದು ಪಾಸ್‌ಗೆ ನಾಲ್ಕು ದಿನ ಬೇಕು. ಆದರೂ ಇದರ ದುಡ್ಡಿನ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶವಿದೆ. ಆಟಗಾರರು ಪರಸ್ಪರ ಕಾದಾಡುವ ಗ್ರೇಟ್ ಲೀಗ್‌ನಲ್ಲಿ ಪೋಕೆಮಾನ್‌ನ ಬಲ 1500 ಸಿಪಿ (ಕಾದಾಟದ ಬಲದ ಅಂಕ) ದಾಟುವಂತಿಲ್ಲ. ಆ ಗೆರೆ ಇರುವುದರಿಂದ ಎದುರಾಳಿ ಎಷ್ಟೇ ಖರ್ಚು ಮಾಡಿದ್ದರೂ ಹಿಡಿದು ಹಿಡಿದು ಬೆಳೆಸಿದ ಸಾಧಾರಣ ಪೋಕೆಮಾನ್‌ಗೂ ಗೆಲ್ಲುವ ಅವಕಾಶ ಇದೆ. ದುಡ್ಡು ಇಲ್ಲಿ ಕೊಳ್ಳುವುದು ಹೆಚ್ಚಾಗಿ ಅನುಕೂಲವನ್ನು. ಮತ್ತೆ, ಹುಡುಗ ದಿನಾ ನಾಲ್ಕು ಕಿಲೋಮೀಟರ್ ನಡೆದ, ಅದನ್ನು ಯಾವ ಪಟ್ಟಿಗೆ ಹಾಕಬೇಕೋ ಗೊತ್ತಿಲ್ಲ, ಆದರೆ ಬಿಡುವ ಹಾಗಿಲ್ಲ. ಊರ ಜಿಮ್‌ಗಳ ಸೌಕರ್ಯ ಹಳ್ಳಿಯಲ್ಲಿ ಸಿಗುವುದಿಲ್ಲ ಎಂಬುದು ಹಳ್ಳಿಗಾಡಿನ ಆಟಗಾರರ ಹಳೆಯ ಮಾತು, ಅದೂ ಲೆಕ್ಕಕ್ಕೆ ಬರಬೇಕು.

ಯುನೈಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐವರ ಎದುರು ಐವರು, ಹತ್ತು ನಿಮಿಷದ ಕದನ. 2021ರಲ್ಲಿ ಬಂತು. ಒಂದು ಪೋಕೆಮಾನ್‌ನನ್ನು ಆಡಿಸಬೇಕಾದರೆ ಅದರ 'ಯುನೈಟ್ ಲೈಸೆನ್ಸ್' ಪಡೆಯಬೇಕು, ಗೇಮ್ ಒಳಗೇ ಅದಕ್ಕೆ ಆ ಹೆಸರು. ಶುರುವಿನ ದಿನಗಳಲ್ಲಿ ಆಡಿ ಗಳಿಸಬಹುದಾದ ಕಾಯಿನ್‌ಗೆ ವಾರಕ್ಕೆ 2,100ರ ಮಿತಿ ಇತ್ತು. 10,000 ಕಾಯಿನ್ ಬೆಲೆಯ ಲೈಸೆನ್ಸ್ ಬೇಕೆಂದರೆ ಐದು ವಾರ ಕಾಯಬೇಕು, ಇಲ್ಲವೇ ದುಡ್ಡು ಕೊಟ್ಟು ಜೆಮ್ ಕೊಳ್ಳಬೇಕು. ಬಟ್ಟೆಬರೆ ಮಾರಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪೋಕೆಮಾನ್ ಹೊತ್ತೊಯ್ಯುವ ವಸ್ತುಗಳ ಬಲವನ್ನು ದುಡ್ಡಿನಿಂದ ಬೇಗ ಏರಿಸಲು ಬಿಟ್ಟದ್ದೇ ಅದಕ್ಕೆ ಆಗ ಬಂದ ದೊಡ್ಡ ಟೀಕೆ. ಕಾದಾಟದ ಬಲಕ್ಕೇ ಬೆಲೆ ಕಟ್ಟುವ ಆಟವನ್ನು ನಾನು ಮಕ್ಕಳಿಗೆ ಹೇಳಿಕೊಡಲಾರೆ. ನಮ್ಮ ಪಟ್ಟಿಯಿಂದ ಮೊದಲು ಹೊರಗೆ ಹೋದದ್ದು ಇದು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಪಾಕೆಟ್. 2024ರ ಅಕ್ಟೋಬರ್ 30ರಂದು ಬಂದ ಕಾರ್ಡ್ ಗೇಮ್. ನಿಜವಾದ ಕಾರ್ಡ್ ಆಟದಲ್ಲಿ ಡೆಕ್‌ಗೆ 60 ಕಾರ್ಡ್, ಇಲ್ಲಿ 20. ಮೂರು ಪಾಯಿಂಟ್ ಪಡೆದವರು ಗೆದ್ದರು, ಐದು ನಿಮಿಷದಲ್ಲಿ ಮುಗಿಯುತ್ತದೆ. ಹನ್ನೆರಡು ಗಂಟೆಗೊಂದು ಪ್ಯಾಕ್ ಪುಕ್ಕಟೆ, ಅದರಲ್ಲಿ ಐದು ಕಾರ್ಡ್. ಕಾಯಲಾರದವರಿಗೆ ಪೋಕೆ ಗೋಲ್ಡ್: ಒಂದು ಗೋಲ್ಡ್ ಎರಡು ಗಂಟೆ ಕಳೆಯುತ್ತದೆ, ಆರು ಕೊಟ್ಟರೆ ಪ್ಯಾಕ್ ಈಗಲೇ ಕೈಯಲ್ಲಿ. ತಾಳ್ಮೆಗೆ ಇಷ್ಟು ಸ್ಪಷ್ಟವಾಗಿ ದರ ಬರೆದ ಗೇಮ್ ನಾನು ಬೇರೆ ನೋಡಿಲ್ಲ.

ಹುಡುಗನಿಗೆ ಬೇಕಾಗಿದ್ದದ್ದು ಬಂಗಾರದ ಅಂಚಿನ ಕ್ರೌನ್ ಕಾರ್ಡ್. ಗೇಮ್ ಒಳಗೇ ಸಂಭವದ ಪಟ್ಟಿ ಇದೆ. ಆಪಲ್ 2017ರ ಡಿಸೆಂಬರಿನಿಂದ ತನ್ನ ಸ್ಟೋರಿನಲ್ಲಿ ಇಂಥ ಪಟ್ಟಿಯನ್ನು ಕಡ್ಡಾಯ ಮಾಡಿದೆ. ಹೆಚ್ಚಿನವರು ಅದನ್ನು ತೆರೆದು ನೋಡುವುದೇ ಇಲ್ಲ, ದಯವಿಟ್ಟು ನೋಡಿ. ಜೆನೆಟಿಕ್ ಏಪೆಕ್ಸ್ ಎಂಬ ಮೊದಲ ಸೆಟ್‌ನಲ್ಲಿ ಪ್ಯಾಕ್‌ನ ನಾಲ್ಕನೆಯ ಕಾರ್ಡ್ ಕ್ರೌನ್ ಆಗುವ ಸಂಭವ ಶೇ. 0.04, ಐದನೆಯದು ಆಗುವುದು ಶೇ. 0.16. ಎರಡನ್ನೂ ಹುಡುಗನಿಂದ ಕೂಡಿಸಿದೆ: ಶೇ. 0.2. ಸರಾಸರಿ 500 ಪ್ಯಾಕ್‌ಗೆ ಯಾವುದೋ ಒಂದು ಕ್ರೌನ್.

ಇನ್ನೊಂದು ದಾರಿಯೂ ಇದೆ. ಪ್ಯಾಕ್‌ಗೆ 5ರಂತೆ ಪಾಯಿಂಟ್ ಸೇರುತ್ತಾ ಹೋಗುತ್ತದೆ, 2,500 ಆದರೆ ಬೇಕಾದ ಕ್ರೌನ್ ಕಾರ್ಡನ್ನು ಆರಿಸಿ ಪಡೆಯಬಹುದು. ಅಲ್ಲಿಗೂ 500 ಪ್ಯಾಕ್. ದಿನಕ್ಕೆ ಎರಡರಂತೆ 250 ದಿನ. ಒಂದು ಸೆಟ್‌ನ ಪಾಯಿಂಟ್ ಇನ್ನೊಂದಕ್ಕೆ ನಡೆಯುವುದಿಲ್ಲ, ಹೊಸ ಸೆಟ್‌ಗಳು ಬರುತ್ತಲೇ ಇರುತ್ತವೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮಾವ, ಹಾಗಾದರೆ ಆ ಕಾರ್ಡಿಗೆ ಜಾಸ್ತಿ ಪವರ್ ಇರುತ್ತಾ?" ಇಲ್ಲ. ಸಾದಾ ಕಾರ್ಡಿನಲ್ಲಿರುವ ಅದೇ ಪೋಕೆಮಾನ್ ಮ್ಯೂಟೂ ಇಎಕ್ಸ್, ಅದೇ ಬಲ, ಚಿತ್ರ ಮಾತ್ರ ಬೇರೆ. ಕಾದಾಡಲು ಸಾಕಾಗುವ ನಾಲ್ಕು ವಜ್ರದ ಗುರುತಿನ ಸಾದಾ ಕಾರ್ಡ್ 500 ಪಾಯಿಂಟ್‌ಗೇ ಬರುತ್ತದೆ, ಅಂದರೆ 50 ದಿನ. ಈ ಒಂದು ವಿಷಯ ತಿಳಿದ ಮೇಲೆ ಅವನ ಆಸೆಯ ಕಾವು ನಿಜವಾಗಿಯೂ ಇಳಿಯಿತು. ಅಪರೂಪ ಬೇರೆ, ಬಲ ಬೇರೆ ಎಂದು ಗೇಮ್ ಎದ್ದು ಕಾಣುವಂತೆ ಹೇಳುವುದಿಲ್ಲ, ದೊಡ್ಡವರೇ ಕೂತು ತೋರಿಸಬೇಕು.

ದಿನಕ್ಕೆ ಇನ್ನೊಂದು ಪ್ಯಾಕ್ ಕೊಡುವ ಪ್ರೀಮಿಯಂ ಪಾಸ್ ಅಮೆರಿಕದಲ್ಲಿ ತಿಂಗಳಿಗೆ 9.99 ಡಾಲರ್. ಎರಡು ವಾರದ ಪುಕ್ಕಟೆ ಪ್ರಯೋಗ ಹಾಕಿಕೊಂಡೆವು, ಅದೇ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕ್ಯಾನ್ಸಲ್ ಮಾಡುವ ತಾರೀಕಿಗೆ ಕೆಂಪು ಸುತ್ತು ಎಳೆದೆವು.

ಇಂಥ ಅದೃಷ್ಟದ ಪೆಟ್ಟಿಗೆಗಳ ಬಗ್ಗೆ ಸರ್ಕಾರಗಳು ಕಣ್ಣುಮುಚ್ಚಿ ಕೂತಿಲ್ಲ. ಅದೃಷ್ಟದಿಂದ ಬಂದ ವಸ್ತುಗಳ ಇಡೀ ಸೆಟ್ ಪೂರ್ತಿ ಮಾಡಿದರೆ ದೊಡ್ಡ ಬಹುಮಾನ ಎನ್ನುವ 'ಕೊಂಪು ಗಾಚಾ'ವನ್ನು ಜಪಾನಿನ ಗ್ರಾಹಕ ಇಲಾಖೆ 2012ರಲ್ಲೇ ಕಾನೂನುಬಾಹಿರ ಎಂದಿತು. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳನ್ನು ಜೂಜು ಎಂದೇ ಕರೆಯಿತು. ಅಕ್ಕನಿಗೆ ಇದನ್ನು ಹೇಳಿದಾಗ, "ಅಲ್ಲಿಯವರಿಗೂ ನಮ್ಮ ಥರ ಮಕ್ಕಳಿದ್ದಾರಲ್ಲ," ಅಂದಳು.

ಇನ್ನು ಎರಡನೆಯ ಪ್ರಶ್ನೆ. ಗೋದ ನಿಯಮಗಳನ್ನು ತೆರೆದು ಹುಡುಗನಿಗೆ ಓದಿ ಹೇಳಿದೆ: ಕಾಯಿನ್ ಆಗಲಿ ವಸ್ತುವಾಗಲಿ ನಮಗೆ ಮಾರಿದ್ದಲ್ಲ, ಬಳಸಲು ಕೊಟ್ಟ ಸೀಮಿತ ಪರವಾನಗಿ ಅಷ್ಟೇ. ಇಂಥ ಗೇಮ್‌ಗಳಲ್ಲಿ ಇದು ಸಾಮಾನ್ಯ. ಪೋಕೆಮಾನ್ ಡುಯೆಲ್ ಎಂಬ ಗೊಂಬೆಗಳ ಕದನದ ಗೇಮ್ ಇತ್ತು. 2019ರ ಅಕ್ಟೋಬರ್ 31ಕ್ಕೆ ಅದರ ಸೇವೆ ನಿಂತಿತು, ಕೂಡಿಟ್ಟ ಗೊಂಬೆಗಳೂ ಅದರ ಜೊತೆಗೇ ಹೋದವು. ಗೋ ಗೇಮೇ 2025ರಲ್ಲಿ ಮಾಲೀಕರನ್ನು ಬದಲಿಸಿತು. ನಿಯಾಂಟಿಕ್ ತನ್ನ ಗೇಮ್ ವ್ಯವಹಾರವನ್ನು 350 ಕೋಟಿ ಡಾಲರ್‌ಗೆ ಸ್ಕೋಪ್ಲಿ ಎಂಬ ಕಂಪನಿಗೆ ಮಾರಿತು. ನಾವು ಪಾರ್ಕಿನಲ್ಲಿ ನಿಲ್ಲಿಸಿದ ಆ ಕಾವಲುಗಾರನೂ ಆ ಲೆಕ್ಕದ ಒಳಗೇ ಬರುತ್ತಾನೆ.

ಷೋಡೌನ್ ತೆರೆದಾಗ ಹುಡುಗ ಮೊದಲು ಹುಡುಕಿದ್ದು ಅಂಗಡಿಯ ಗುಂಡಿಯನ್ನು. ಅದು ಇರಲೇ ಇಲ್ಲ. ಅಭಿಮಾನಿಗಳೇ ಕಟ್ಟಿದ, ಬ್ರೌಸರಿನಲ್ಲಿ ನಡೆಯುವ ಕಾದಾಟ, 2011ರಿಂದ ಇದೆ. ಯಾವ ಪೋಕೆಮಾನ್ ಬೇಕಾದರೂ, ಅದು ಕಲಿಯಬಲ್ಲ ಯಾವ ವರಸೆ ಬೇಕಾದರೂ ಆರಿಸು, ಕಾದಾಡು. ಹಿಡಿಯುವುದಿಲ್ಲ, ಬೆಳೆಸುವುದಿಲ್ಲ, ಕಾಯುವುದಿಲ್ಲ. ಸೋತರೆ ತಲೆ ಓಡಲಿಲ್ಲ ಎಂದೇ ಅರ್ಥ. ತಂತ್ರ ಕಲಿಯುವುದಕ್ಕೆ ಐದರಲ್ಲಿ ಇದೇ ಮೇಲು, ನನಗೆ ಅನುಮಾನವಿಲ್ಲ. ಸರ್ವರಿನ ಕೋಡ್ ಎಂಐಟಿ ಲೈಸೆನ್ಸಿನಲ್ಲಿ ಎಲ್ಲರಿಗೂ ಮುಕ್ತ. ಆದರೆ ಕೋಡ್ ಬರೆದವರು ಕೋಡನ್ನು ಹಂಚಬಹುದು, ಪಿಕಾಚುವನ್ನು ಹಂಚಲಾಗುವುದಿಲ್ಲ. ಅಭಿಮಾನಿಗಳು ಒಂಬತ್ತು ವರ್ಷ ಕೂತು ಮಾಡಿದ ಪೋಕೆಮಾನ್ ಯುರೇನಿಯಂ 2016ರ ಆಗಸ್ಟಿನಲ್ಲಿ ಪುಕ್ಕಟೆಯಾಗಿಯೇ ಬಂತು. 15 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಗಿತ್ತು. ನಿಂಟೆಂಡೊ ಆಫ್ ಅಮೆರಿಕದ ವಕೀಲರ ನೋಟಿಸ್‌ಗಳ ಸುದ್ದಿ ತಿಳಿದು ಮಾಡಿದವರೇ ಅದನ್ನು ತೆಗೆದುಹಾಕಿದರು. ದುಡ್ಡು ಕೇಳಲಿಲ್ಲ ಎಂಬುದು ಅದನ್ನು ಉಳಿಸಲಿಲ್ಲ.

ಟಕ್ಸೆಮಾನ್ ಹಿಡಿದದ್ದು ಬೇರೆ ದಾರಿ. ಮಾನ್‌ಸ್ಟರ್‌ಗಳನ್ನು ತಾವೇ ಕಲ್ಪಿಸಿ ಬರೆದರು, ಕೋಡನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಲೈಸೆನ್ಸಿನಲ್ಲಿ ಬಿಟ್ಟರು. ರೂಪ ಬೇರೆಯಾದರೆ ಎಲ್ಲ ತಂಟೆಯೂ ತಪ್ಪಿತು ಎಂದೇನಲ್ಲ. ಪಾಲ್‌ವರ್ಲ್ಡ್ ಎಂಬ ಗೇಮ್ ಮೇಲೆ ನಿಂಟೆಂಡೊ 2024ರ ಸೆಪ್ಟೆಂಬರಿನಲ್ಲಿ ಹೂಡಿದ ದಾವೆ ಚಿತ್ರದ ಹಕ್ಕಿನದಲ್ಲ, ಪೇಟೆಂಟಿನದು. ಆದರೂ ಸ್ವಂತ ಪ್ರಾಣಿ, ಮುಕ್ತ ಕೋಡ್ ಎರಡೂ ಇರುವ ಗೇಮ್ ಈ ಐದರಲ್ಲಿ ಇದೊಂದೇ. ಪಾಕೆಟ್‌ನ ಹೊಳಪು ಇದಕ್ಕಿಲ್ಲ, ಚುಕ್ಕಿಚುಕ್ಕಿಯ ಹಳೆಯ ಕಾಲದ ಚಿತ್ರ. ಹುಡುಗ ಮೊದಲ ದಿನ ಮುಖ ತಿರುಗಿಸಿದ. ಮೂರನೆಯ ದಿನ, ಇದರ ಮಾತುಗಳೆಲ್ಲ ಒಂದು ಬೇರೆ ಫೈಲಿನಲ್ಲಿ ಸಾದಾ ಅಕ್ಷರದಲ್ಲಿವೆ, ಯಾರ ಅನುಮತಿಯೂ ಇಲ್ಲದೆ ಕನ್ನಡಕ್ಕೆ ತರಬಹುದು ಎಂದೆ. "ಯಾರನ್ನೂ ಕೇಳೋದೇ ಬೇಡ್ವಾ?" ಎಂದು ಎರಡು ಸಲ ಕೇಳಿದ.

ಆ 500 ರೂಪಾಯಿ ಖರ್ಚಾಗಲಿಲ್ಲ. ಪಾಕೆಟ್ ಈಗಲೂ ಅಕ್ಕನ ಫೋನಿನಲ್ಲಿದೆ, ದಿನಕ್ಕೆ ಎರಡು ಪ್ಯಾಕ್, ಪಾಸ್ ಇಲ್ಲ, ಕೊಳ್ಳುವಾಗಲೆಲ್ಲ ಅವಳ ಬೆರಳಚ್ಚು ಬೇಕು. ಭಾನುವಾರ ಸಂಜೆ ನಾವಿಬ್ಬರೂ ಷೋಡೌನ್‌ನಲ್ಲಿ ಎದುರುಬದುರಾಗುತ್ತೇವೆ, ಈಚೆಗೆ ಅವನೇ ಹೆಚ್ಚು ಗೆಲ್ಲುತ್ತಾನೆ. ಮೊನ್ನೆ ಫೋನ್ ಮಾಡಿದವನು ಕುಶಲ ಕೇಳುವುದನ್ನೂ ಮರೆತು, "ಮಾವ, ಫೈಟ್‌ಗೆ 'ಹೋರಾಡು' ಅಂತ ಹಾಕ್ಲಾ, 'ಕಾದಾಡು' ಅಂತ ಹಾಕ್ಲಾ?" ಅಂದ. ಕಾದಾಡು ಅಂದೆ. ಬರೆದುಕೊಂಡ ಸದ್ದು ಕೇಳಿಸಿತು. ಆಮೇಲೆ "ರನ್‌ಗೆ?" ಎಂದು ಕೇಳಿದ.