ದೀರ್ಘ ವೈದ್ಯಕೀಯ ರಜೆಯಲ್ಲಿರುವಾಗ ರಾಜೀನಾಮೆ ಪತ್ರಕ್ಕೆ ಸಹಿ ಮಾಡಬೇಡಿ

ಉದ್ಯಮಬಾಗ, ಮಚ್ಛೆ ಭಾಗದ ಫೌಂಡ್ರಿಗಳಲ್ಲಿ ದುಡಿಯುವವರು ಮತ್ತು ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಕಾಯಿಲೆಯ ರಜೆಯಲ್ಲಿರುವಾಗ ಯಾರು ಎಷ್ಟೇ ಸಮಾಧಾನದ ಮಾತು ಹೇಳಿ ರಾಜೀನಾಮೆ ಪತ್ರವನ್ನು ಮುಂದಿಟ್ಟರೂ ಅದಕ್ಕೆ ಸಹಿ ಹಾಕಬೇಡಿ.

ಬೆಳಗಾವಿಯ ಫೌಂಡ್ರಿಯೊಂದರ ಮೋಲ್ಡಿಂಗ್ ವಿಭಾಗದಲ್ಲಿದ್ದ ನನ್ನ ತಮ್ಮನಿಗೆ ಬೆನ್ನುಮೂಳೆಯ ಕ್ಷಯ ಇರುವುದು ಪತ್ತೆಯಾಗಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ದವಾಖಾನೆಯ ವೈದ್ಯರು ಹಲವು ತಿಂಗಳ ವಿಶ್ರಾಂತಿ ಬೇಕೆಂದು ಬರೆದುಕೊಟ್ಟರು. ಸಂಬಳದಲ್ಲಿ ಇಎಸ್‌ಐ ವಂತಿಗೆ ಕಡಿತವಾಗುತ್ತಿದ್ದುದರಿಂದ ಸರಾಸರಿ ದಿನಗೂಲಿಯ ಶೇ. 70ರಷ್ಟು ಅನಾರೋಗ್ಯ ಭತ್ಯೆ ಬರತೊಡಗಿತು. ಇದು ವರ್ಷಕ್ಕೆ 91 ದಿನಗಳಿಗೆ ಮಾತ್ರ ಸಿಗುತ್ತದೆ. ಆ ದಿನಗಳು ಮುಗಿಯುತ್ತ ಬಂದಾಗ ಕಾರ್ಖಾನೆಯ ಕಚೇರಿಯಿಂದ ಕರೆ ಬಂತು.

ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಜೊತೆಗಾರರೊಬ್ಬರ ಆಸರೆಯಲ್ಲಿ ಹೋದ ಅವನ ಮುಂದೆ ಇಂಗ್ಲಿಷಿನಲ್ಲಿ ಮೊದಲೇ ಟೈಪ್ ಮಾಡಿದ ಒಂದು ಹಾಳೆಯನ್ನಿಟ್ಟರು. ಕಾರಣದ ಜಾಗದಲ್ಲಿ ‘ವೈಯಕ್ತಿಕ’ ಎಂದಷ್ಟೇ ಇತ್ತು, ದಿನಾಂಕದ ಜಾಗ ಖಾಲಿ ಇತ್ತು. “ನಿನ್ನ ರಜಾ ಮುಗದಾವು. ಈಗ ಸಹಿ ಮಾಡಿಕೊಡು, ಆರಾಮಾದಮ್ಯಾಲೆ ಮತ್ತ ತಗೋತೀವಿ” ಎಂದರಂತೆ. ಕುಳಿತುಕೊಳ್ಳಲೂ ಆಗದೆ ಒದ್ದಾಡುತ್ತಿದ್ದವನು ಸಹಿ ಹಾಕಿ ಬಂದ.

ರಜೆ ಮುಗಿದಿದೆ ಎಂಬ ಮಾತೇ ಸುಳ್ಳಾಗಿತ್ತು. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು ಸೇರಿದಂತೆ ದೀರ್ಘಕಾಲದ ಕಾಯಿಲೆಗಳ ಒಂದು ಪಟ್ಟಿಯೇ ಇಎಸ್‌ಐನಲ್ಲಿದ್ದು, ಎರಡು ವರ್ಷ ನಿರಂತರ ಕೆಲಸ ಮಾಡಿ, ಅದಕ್ಕೆ ತಕ್ಕ ವಂತಿಗೆ ಕಟ್ಟಿದವರಿಗೆ 91 ದಿನಗಳ ನಂತರವೂ ಶೇ. 80ರ ದರದಲ್ಲಿ ವಿಸ್ತರಿತ ಭತ್ಯೆ ಸಿಗುತ್ತದೆ. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಆಗ ಜಾರಿಯಲ್ಲಿದ್ದ 1948ರ ನೌಕರರ ರಾಜ್ಯ ವಿಮಾ ಕಾಯ್ದೆಯ 73ನೇ ಕಲಮಿನ ಪ್ರಕಾರ, ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಕಾರ್ಮಿಕನನ್ನು ಮಾಲೀಕರು ವಜಾ ಮಾಡುವಂತಿರಲಿಲ್ಲ, ಆ ಅವಧಿಯಲ್ಲಿ ಕೊಟ್ಟ ವಜಾ ನೋಟಿಸಿಗೆ ಬೆಲೆಯೂ ಇರಲಿಲ್ಲ. ತಾವು ತೆಗೆಯಲಾಗದವನು ತಾನೇ ಬಿಟ್ಟುಹೋದಂತೆ ಕಾಗದದಲ್ಲಿ ತೋರಿಸುವುದಕ್ಕಾಗಿಯೇ ಆ ಹಾಳೆ ಸಿದ್ಧವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಗುಣವಾಗಿ ಹೋದಾಗ ಜಾಗ ಖಾಲಿಯಿಲ್ಲ, ಬೇಕಿದ್ದರೆ ಗುತ್ತಿಗೆದಾರರ ಕೈಕೆಳಗೆ ಬಾ ಎಂದರು. ಕೆಲಸ ಬಿಡುವಾಗ ಸೇವೆಗಾಗಿ ಸಿಗುವ ಗ್ರ್ಯಾಚುಟಿ ಹಣಕ್ಕೆ ಬೇಕಾದ 5 ವರ್ಷ ತುಂಬಲು ಕೆಲವೇ ತಿಂಗಳು ಉಳಿದಿದ್ದವು. ಕಾಯಿಲೆಯ ರಜೆಯಿಂದ ಸೇವೆ ಕಡಿದುಹೋಗುವುದಿಲ್ಲ, ಕಡಿದದ್ದು ಆ ಸಹಿ.

ಆದ್ದರಿಂದ ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿಕೊಂಡರೂ ಇಎಸ್‌ಐ ವೈದ್ಯರಿಂದ ರಜೆಯ ಪ್ರಮಾಣಪತ್ರವನ್ನು ಅವಧಿ ಮೀರದಂತೆ ಪಡೆಯುತ್ತಿರಿ. ಅದರ ಪ್ರತಿಯನ್ನು ಕಾರ್ಖಾನೆಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ. ಪೆಟ್ಟು ಬಿದ್ದದ್ದು ಕೆಲಸದ ಜಾಗದಲ್ಲಾದರೆ ಅದನ್ನು ಸಾಮಾನ್ಯ ಕಾಯಿಲೆಯೆಂದು ಬರೆಸಲು ಒಪ್ಪಬೇಡಿ, ಏಕೆಂದರೆ ತಾತ್ಕಾಲಿಕ ಅಂಗವಿಕಲತೆಯ ಭತ್ಯೆ ಶೇ. 90ರಷ್ಟಿದ್ದು, ಅದಕ್ಕೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಯಾವ ಕಾಗದ ಕೊಟ್ಟರೂ ಮನೆಗೆ ತಂದು, ಓದಬಲ್ಲವರಿಂದ ಓದಿಸಿ. ಈಗಾಗಲೇ ಸಹಿ ಹಾಕಿದ್ದರೆ, ರಾಜೀನಾಮೆ ಅಂಗೀಕಾರವಾಗುವ ಮೊದಲೇ ಅದನ್ನು ಹಿಂಪಡೆಯುತ್ತಿರುವುದಾಗಿ ಲಿಖಿತವಾಗಿ ತಿಳಿಸಿ, ಆ ಪತ್ರದ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ತಡಮಾಡದೆ ಹೋಗಿ.